ಕಳೆಯುವ ಲೆಕ್ಕದಿಂದ ಕ್ರಿಯಾ ಸಂಶೋಧನೆಗೆ: ಶಿಕ್ಷಕರು ತಮ್ಮ ಬೋಧನೆಯನ್ನು ತಾವೇ ಪರಿಶೀಲಿಸುವ ಬಗೆ

ಡಿ.ಎಡ್., ಬಿ.ಎಡ್. ಮುಗಿಸಿದ ಬಹುತೇಕ ಶಿಕ್ಷಕರು ಕ್ರಿಯಾ ಸಂಶೋಧನೆಯ, ಅಂದರೆ ತಮ್ಮ ತರಗತಿಯ ಒಂದು ತೊಡಕನ್ನು ತಾವೇ ಪರಿಶೀಲಿಸಿ ಪರಿಹಾರ ಹುಡುಕುವ ಕೆಲಸದ, ಒಂದು ಕಡತವನ್ನು ಬರೆದೇ ಬಂದಿರುತ್ತಾರೆ. ಪೀಠಿಕೆ, ಸಮಸ್ಯೆಯ ಆಯ್ಕೆ, ಸಂಭವನೀಯ ಕಾರಣಗಳು, ಕ್ರಿಯಾ ಪ್ರಾಕ್ಕಲ್ಪನೆ, ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ, ಉಪಸಂಹಾರ. ಮೇಲೊಂದು ಬಣ್ಣದ ಹೊದಿಕೆ. ಈ ಕಡತಗಳಲ್ಲಿ ಒಂದು ಸೋಜಿಗವಿದೆ. ಮೊದಲ ಪರೀಕ್ಷೆಯಲ್ಲಿ ತಡವರಿಸಿದ ಮಕ್ಕಳೆಲ್ಲ ಹತ್ತೇ ಅವಧಿಗಳಲ್ಲಿ ಗೆದ್ದುಬಿಡುತ್ತಾರೆ, ಒಬ್ಬರೂ ಹಿಂದೆ ಉಳಿಯುವುದಿಲ್ಲ. ಹಾಗೆ ಆಗುವುದಿಲ್ಲ ಎಂದು ತರಗತಿಯಲ್ಲಿ ನಿಂತವರಿಗೆಲ್ಲ ಗೊತ್ತು.

ಯಾರೂ ಕೇಳದಿದ್ದರೂ, ಯಾರೂ ಅಂಕ ಕೊಡದಿದ್ದರೂ ಮಾಡಬೇಕೆನಿಸುವಂಥ ಕ್ರಿಯಾ ಸಂಶೋಧನೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮನಸ್ಸಿನಲ್ಲಿರುವುದು ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳು: ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ, ತರಗತಿಗೆ ಹದಿನೈದಿಪ್ಪತ್ತು ಮಕ್ಕಳಿರುವ, ಬಿಸಿಯೂಟದ ಲೆಕ್ಕವನ್ನೂ ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲೆಯ ಜಾಲತಾಣದ ಮಾಹಿತಿಯನ್ನೂ ಶಿಕ್ಷಕರೇ ತುಂಬಬೇಕಾದ ಶಾಲೆಗಳು. ಅಲ್ಲಿ ಸಂಶೋಧನೆಗೆಂದು ಬೇರೆ ಸಮಯ ಸಿಗುವುದಿಲ್ಲ. ಆದ್ದರಿಂದ ಹೇಗಿದ್ದರೂ ಮಾಡುವ ಪಾಠ, ಹೇಗಿದ್ದರೂ ತಿದ್ದುವ ಪುಸ್ತಕ, ಹೇಗಿದ್ದರೂ ಬರೆಯುವ ಹಾಜರಿ, ಇವುಗಳಿಂದಲೇ ಕೆಲಸ ಆಗಬೇಕು.

ಹಿನ್ನೆಲೆ ಒಂದೇ ಉಸಿರಿನಲ್ಲಿ: ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಈ ಹೆಸರಿನಡಿ ಬರೆದ ಲೇಖನದಲ್ಲಿ ಯೋಜಿಸು, ಮಾಡು, ಆದದ್ದನ್ನು ಪರಿಶೀಲಿಸು, ಮತ್ತೆ ಯೋಜಿಸು ಎಂಬ ಸುತ್ತನ್ನು ವಿವರಿಸಿದರು, 1950ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಕೋರಿ ಅದನ್ನು ಶಾಲೆಯೊಳಗೆ ತಂದರು, 1970ರ ದಶಕದಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ಶಿಕ್ಷಕರೇ ಸಂಶೋಧಕರಾಗಬೇಕು ಎಂದು ವಾದಿಸಿದರು. ನಮ್ಮಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಹುಟ್ಟಿದ ಡಯಟ್‌ಗಳ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ) ಕೆಲಸಗಳಲ್ಲಿ ಇದಕ್ಕೆ ಬೆಂಬಲ ಕೊಡುವುದೂ ಸೇರಿದೆ. ಇಷ್ಟು ಸಾಕು.

1. ದೂರನ್ನು ಪ್ರಶ್ನೆಯಾಗಿ ಬದಲಿಸಿ

‘ಐದನೇ ತರಗತಿಯ ಮಕ್ಕಳು ಗಣಿತದಲ್ಲಿ ಹಿಂದುಳಿದಿದ್ದಾರೆ’ ಎನ್ನುವುದು ದೂರು. ಅದರಲ್ಲಿ ನೀವು ಇಲ್ಲ, ಮಕ್ಕಳು ಮಾತ್ರ ಇದ್ದಾರೆ. ‘ಹತ್ತನ್ನು ಬಿಡಿಸಿ ಕಳೆಯುವ ಲೆಕ್ಕವನ್ನು ನಾನು ಕಡ್ಡಿ ಕಟ್ಟುಗಳಿಂದ ಶುರು ಮಾಡಿದರೆ ಮಕ್ಕಳು ಮಾಡುವ ತಪ್ಪುಗಳಲ್ಲಿ ಯಾವುವು ಕಡಿಮೆಯಾಗುತ್ತವೆ?’ ಎನ್ನುವುದು ಪ್ರಶ್ನೆ. ಅದರ ಕರ್ತೃ ನೀವು. ಅದಕ್ಕೆ ಒಂದು ಅವಧಿ ಪಾಠದಲ್ಲಿ ಮುಟ್ಟಬಹುದಾದ ಗಾತ್ರವಿದೆ, ಮಕ್ಕಳ ಪುಸ್ತಕದಲ್ಲೇ ಉತ್ತರದ ಗುರುತು ಸಿಗುತ್ತದೆ.

‘ಸಂಭವನೀಯ ಕಾರಣಗಳು’ ಎಂಬ ತಲೆಬರಹದ ಕೆಳಗೆ ಪೋಷಕರ ಅನಕ್ಷರತೆ, ಬಡತನ, ಮಕ್ಕಳ ನಿರಾಸಕ್ತಿ ಎಂದು ಬರೆಯುವ ಅಭ್ಯಾಸ ನಮಗೆ ಬಲವಾಗಿದೆ. ಅವು ನಿಜವೇ ಇರಬಹುದು. ಆದರೆ ಗುರುವಾರದ ಮೂರನೇ ಅವಧಿಯಲ್ಲಿ ನೀವು ಬಡತನವನ್ನು ಬದಲಿಸಲಾರಿರಿ. ಕರಿಹಲಗೆಯ ಮೇಲೆ ಬರೆಯುವ ಲೆಕ್ಕವನ್ನು ಬದಲಿಸಬಹುದು. ನಿಮ್ಮ ಕೈಯಲ್ಲಿಲ್ಲದ ಕಾರಣವನ್ನು ಪಟ್ಟಿಯಿಂದ ಹೊಡೆದುಹಾಕಿ. ಪಟ್ಟಿಯಲ್ಲಿ ಏನೂ ಉಳಿಯದಿದ್ದರೆ ಆ ವಿಷಯ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಗೋ ಇಲಾಖೆಗೋ ಹೋಗಬೇಕಾದದ್ದು, ನಿಮ್ಮ ಸಂಶೋಧನೆಗಲ್ಲ.

ಪ್ರಶ್ನೆ ಹುಡುಕಲು ದೂರ ಹೋಗಬೇಕಾಗಿಲ್ಲ. ಜೂನ್‌ನಲ್ಲಿ ಸೇತುಬಂಧಕ್ಕೆ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೋಡುವ ಕಾರ್ಯಕ್ರಮಕ್ಕೆ, ನಡೆಸಿದ ಪರೀಕ್ಷೆಯ ಹಾಳೆಗಳು ಬೀರುವಿನಲ್ಲಿ ಇದ್ದೇ ಇರುತ್ತವೆ. ಅಂಕ ನಮೂದಿಸಿದ ಮೇಲೆ ಅವನ್ನು ಯಾರೂ ತೆರೆಯುವುದಿಲ್ಲ. ಅವನ್ನು ತೆರೆಯಿರಿ.

2. ಔಷಧಿಗಿಂತ ಮೊದಲು ತಪ್ಪನ್ನು ನೋಡಿ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ, ಹೆಚ್ಚಿನವರು ಓಡಿ ದಾಟುವುದೂ ಇದನ್ನೇ. ಹತ್ತಕ್ಕೆ ಮೂರು ಅಂಕ ಬಂದಿದೆ ಎಂದರೆ ಮಗು ಏನು ಮಾಡಿತು ಎಂದು ಗೊತ್ತಾಗುವುದಿಲ್ಲ. ತಪ್ಪು ಉತ್ತರಗಳನ್ನು ಇದ್ದ ಹಾಗೆಯೇ ಒಂದು ಹಾಳೆಗೆ ಇಳಿಸಿಕೊಳ್ಳಿ: ಎಡಗಡೆ ಮಗುವಿನ ಸಂಕೇತ, ಮೇಲೆ ಲೆಕ್ಕ, ಚೌಕದೊಳಗೆ ಮಗು ಬರೆದ ಉತ್ತರ. ಸರಿ ತಪ್ಪಿನ ಗುರುತು ಹಾಕಬೇಡಿ, ಉತ್ತರವನ್ನೇ ಬರೆಯಿರಿ.

52ರಲ್ಲಿ 28 ಕಳೆಯಿರಿ ಎಂದಾಗ ಒಂದು ಮಗು 36 ಎಂದು ಬರೆಯುತ್ತದೆ, ಇನ್ನೊಂದು 34 ಎನ್ನುತ್ತದೆ. ಎರಡೂ ತಪ್ಪು, ಸರಿಯುತ್ತರ 24. ಆದರೆ ಎರಡೂ ಒಂದೇ ತಪ್ಪಲ್ಲ. 36 ಬರೆದ ಮಗು ಬಿಡಿಯ ಸ್ಥಾನದಲ್ಲಿ ಎಂಟರಿಂದ ಎರಡನ್ನು ಕಳೆದಿದೆ, ಯಾವುದು ಮೇಲಿದೆ ಯಾವುದು ಕೆಳಗಿದೆ ಎಂದು ನೋಡಿಲ್ಲ. 34 ಬರೆದ ಮಗು ಹನ್ನೆರಡರಿಂದ ಎಂಟನ್ನು ಸರಿಯಾಗಿಯೇ ಕಳೆದಿದೆ; ಹತ್ತರ ಮನೆಯಲ್ಲಿ ಐದು ನಾಲ್ಕಾಗಬೇಕಿತ್ತು ಎಂಬುದನ್ನು ಮರೆತಿದೆ. ಮೊದಲನೆಯ ಮಗುವಿಗೆ ಸ್ಥಾನಬೆಲೆಯೇ ಕೂತಿಲ್ಲ, ಎರಡನೆಯದಕ್ಕೆ ವಿಧಾನದ ಒಂದು ಮೆಟ್ಟಿಲು ತಪ್ಪಿದೆ. ಇಬ್ಬರನ್ನೂ ‘ನಿಧಾನ ಕಲಿಕೆಯವರು’ ಎಂದು ಒಂದೇ ಗುಂಪಿಗೆ ಹಾಕಿ ಒಂದೇ ಪರಿಹಾರ ಬೋಧನೆ ಮಾಡಿದರೆ ಒಬ್ಬರ ಸಮಯವಂತೂ ವ್ಯರ್ಥ.

ಇದೇ ಲೆಕ್ಕವನ್ನು 52ರಲ್ಲಿ 27 ಎಂದು ಕೊಟ್ಟು ನೋಡಿ. ಏಳರಲ್ಲಿ ಎರಡು ಕಳೆದರೂ ಐದು, ಹನ್ನೆರಡರಲ್ಲಿ ಏಳು ಕಳೆದರೂ ಐದು. ಎರಡು ಬಗೆಯ ಮಕ್ಕಳೂ 35 ಎಂದೇ ಬರೆಯುತ್ತಾರೆ, ಎರಡು ತಪ್ಪುಗಳು ಒಂದೇ ಉತ್ತರದ ಹಿಂದೆ ಅಡಗಿಕೊಳ್ಳುತ್ತವೆ. ಬಿಡಿ ಸ್ಥಾನದ ಅಂಕಿಗಳ ವ್ಯತ್ಯಾಸ ಐದಾಗಿರುವ ಎಲ್ಲ ಲೆಕ್ಕಗಳಲ್ಲೂ ಹೀಗೇ. ಆದ್ದರಿಂದ ನೈದಾನಿಕ (ತಪ್ಪಿನ ಮೂಲ ಹುಡುಕುವ) ಪರೀಕ್ಷೆಗೆ ಪ್ರಶ್ನೆ ಬರೆಯುವಾಗ, ಪ್ರತಿ ಲೆಕ್ಕಕ್ಕೂ ಮಗು ಮಾಡಬಹುದಾದ ತಪ್ಪುಗಳನ್ನು ನೀವೇ ಮಾಡಿ ನೋಡಿ, ಉತ್ತರಗಳು ಬೇರೆ ಬೇರೆ ಬರುತ್ತವೆಯೇ ಎಂದು ಖಚಿತಪಡಿಸಿಕೊಳ್ಳಿ. 61ರಲ್ಲಿ 24 ಒಳ್ಳೆಯ ಲೆಕ್ಕ: ಮೊದಲ ತಪ್ಪಿಗೆ 43, ಎರಡನೆಯದಕ್ಕೆ 47, ಸರಿಯಾದರೆ 37. ಸೊನ್ನೆ ನಡುವೆ ಬರುವ ಒಂದು ಲೆಕ್ಕವೂ ಇರಲಿ. 304ರಲ್ಲಿ 128 ಕಳೆದು 224 ಬರೆದರೆ ಮೊದಲ ಬಗೆಯ ತಪ್ಪೇ; 186 ಬರೆದರೆ ಮಗು ಸೊನ್ನೆಯನ್ನು ಹತ್ತು ಮಾಡಿಕೊಂಡು, ಅದರಿಂದ ಬಿಡಿಗೆ ಒಂದು ಕೊಟ್ಟ ಮೇಲೂ ಹತ್ತಾಗಿಯೇ ಇಟ್ಟುಕೊಂಡಿದೆ.

ಹಾಳೆ ತುಂಬಿದ ಮೇಲೆ ಒಂದೊಂದು ಬಗೆಯ ತಪ್ಪು ಮಾಡಿದ ಇಬ್ಬರು ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ: ‘ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡಮ್ಮ.’ ತಿದ್ದಬೇಡಿ, ತಲೆಯಾಡಿಸಬೇಡಿ, ಮುಖ ಬದಲಿಸಬೇಡಿ. ‘ಎರಡರಲ್ಲಿ ಎಂಟು ಹೋಗುವುದಿಲ್ಲ ಮಿಸ್, ಅದಕ್ಕೆ ಎಂಟರಲ್ಲಿ ಎರಡು ಕಳೆದೆ’ ಎಂಬ ಉತ್ತರ ಬಂದರೆ ಒಂದು ಕ್ಷಣ ಯೋಚಿಸಿ. ಒಂದನೇ, ಎರಡನೇ ತರಗತಿಗಳಲ್ಲಿ ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಹೇಳಿಕೊಟ್ಟವರು ನಾವೇ. ಆ ಮಗು ದಡ್ಡತನ ತೋರಿಸುತ್ತಿಲ್ಲ, ನಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಬೋಧನೆಯನ್ನು ಪರಿಶೀಲಿಸುವುದು ಎಂದರೆ ಇದು. ಇಲ್ಲಿಯವರೆಗೆ ಬಂದವರು ಮುಂದಿನ ಹಂತಗಳಲ್ಲಿ ಸ್ವಲ್ಪ ಎಡವಿದರೂ ಅಡ್ಡಿಯಿಲ್ಲ.

ಆಂಧ್ರದ ಗಡಿಗೆ ಅಂಟಿಕೊಂಡ ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರದ ಶಾಲೆಗಳಿಗೆ ಇನ್ನೊಂದು ಪರೀಕ್ಷೆ ಬೇಕು. ಮಗು ಬರಿಯ ಅಂಕಿಗಳ ಲೆಕ್ಕ ಮಾಡುತ್ತದೆ, ಹೇಳಿಕೆ ಲೆಕ್ಕದಲ್ಲಿ ಸೋಲುತ್ತದೆ ಎಂದರೆ ಅದೇ ಲೆಕ್ಕವನ್ನು ತೆಲುಗಿನಲ್ಲಿ ಬಾಯಲ್ಲಿ ಹೇಳಿ ನೋಡಿ. ಆಗ ಸರಿಯುತ್ತರ ಬಂದರೆ ಕೊರತೆ ಇರುವುದು ಕನ್ನಡ ಓದಿನಲ್ಲಿ, ಗಣಿತದಲ್ಲಲ್ಲ. ಕೆ.ಜಿ.ಎಫ್. ಸುತ್ತಮುತ್ತ ತಮಿಳಿಗೂ ಇದೇ ಮಾತು. ಈ ಐದು ನಿಮಿಷದ ಕೆಲಸ ಮಾಡದೆ ತಿಂಗಳುಗಟ್ಟಲೆ ಗಣಿತದ ಪರಿಹಾರ ಬೋಧನೆ ನಡೆಸಿದವರಿದ್ದಾರೆ.

3. ಒಂದೇ ಒಂದು ಬದಲಾವಣೆ

ಕಡ್ಡಿ ಕಟ್ಟು, ಆಟ, ಹಾಡು, ಗುಂಪು ಕೆಲಸ, ಮನೆಗೆಲಸ, ಬಹುಮಾನ ಎಲ್ಲವನ್ನೂ ಒಟ್ಟಿಗೆ ಸುರಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಒಂದು ಗುಂಪಿಗೆ ಒಂದು ಬದಲಾವಣೆ.

36 ಬರೆದವರಿಗೆ ಪೊರಕೆ ಕಡ್ಡಿಗಳ ಕಟ್ಟು ಸಾಕು. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಐದು ಕಟ್ಟು, ಎರಡು ಬಿಡಿ. ಇದರಿಂದ ಇಪ್ಪತ್ತೆಂಟು ಕೊಡು ಎಂದು ಕೇಳಿ. ಕಟ್ಟು ಬಿಚ್ಚದೆ ಕೊಡಲಾಗದು ಎಂದು ಮಗುವಿಗೆ ಕೈಯೇ ಹೇಳುತ್ತದೆ. ಕಡ್ಡಿ ಎಣಿಸುವಾಗಲೇ ಅದನ್ನು ಪಕ್ಕದಲ್ಲಿ ಅಂಕಿಯಲ್ಲೂ ಬರೆಸಿ. ಕಡ್ಡಿ ಒಂದು ದಿನ, ಬರವಣಿಗೆ ಇನ್ನೊಂದು ದಿನ ಎಂದರೆ ಎರಡಕ್ಕೂ ಸಂಬಂಧವೇ ಮೂಡುವುದಿಲ್ಲ.

ಚಿಲ್ಲರೆ ಅಂಗಡಿಯ ಲೆಕ್ಕವನ್ನೂ ಮರೆಯಬೇಡಿ. ಸಂತೆಯಲ್ಲಿ ಅಪ್ಪನ ಪಕ್ಕ ಕೂತು ಸೊಪ್ಪು ಮಾರುವ ಮಗು ಕಾಗದದ ಮೇಲೆ ತಪ್ಪಿದರೂ ಬಾಕಿ ಚಿಲ್ಲರೆ ಸರಿಯಾಗಿಯೇ ಕೊಡುತ್ತದೆ. ಇಪ್ಪತ್ತೆಂಟಕ್ಕೆ ಎರಡು ಸೇರಿಸಿ ಮೂವತ್ತು, ಇಪ್ಪತ್ತು ಸೇರಿಸಿ ಐವತ್ತು, ಇನ್ನೆರಡು ಐವತ್ತೆರಡು: ಒಟ್ಟು ಇಪ್ಪತ್ತನಾಲ್ಕು. ಈ ದಾರಿಯಲ್ಲಿ 304ರ ಸೊನ್ನೆಯೂ ಕಾಟ ಕೊಡುವುದಿಲ್ಲ: 128ರಿಂದ 130ಕ್ಕೆ 2, ಅಲ್ಲಿಂದ 200ಕ್ಕೆ 70, 300ಕ್ಕೆ 100, 304ಕ್ಕೆ 4, ಸೇರಿದರೆ 176. ಪಠ್ಯಪುಸ್ತಕದ ಕ್ರಮ ಇದಲ್ಲ ಎಂದು ಕೆಲವು ಹಿರಿಯ ಶಿಕ್ಷಕರು ಮೂಗು ಮುರಿಯಬಹುದು. ಉತ್ತರ ಸರಿ ಬರುವ, ಮಗುವಿಗೆ ಅರ್ಥವಾಗುವ ದಾರಿ ಯಾವುದಾದರೂ ನನಗೆ ತಕರಾರಿಲ್ಲ.

ಬದಲಾವಣೆ ಎಷ್ಟು ದಿನ? ಜುಲೈನಲ್ಲಿ ತಪ್ಪುಗಳ ಹಾಳೆ, ಆಗಸ್ಟ್‌ನಲ್ಲಿ ಕೆಲಸ ಎಂದುಕೊಂಡರೆ ದಸರಾ ರಜೆಗೆ ಮೊದಲು ಒಂದು ಸುತ್ತು ಮುಗಿಯುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಲಿನ ಕಾಲ. ಹಾಜರಿ ಏರುಪೇರಾಗುವ ಆ ವಾರಗಳಲ್ಲಿ ಹೊಸ ಪ್ರಯೋಗ ಶುರು ಮಾಡದಿರುವುದು ಜಾಣತನ.

4. ದಾಖಲೆ: ಮೂರು ಕಡೆಯಿಂದ, ಮೂರೂ ಚಿಕ್ಕದು

ಒಂದು, ಮಕ್ಕಳ ಪುಸ್ತಕ. ವಾರಕ್ಕೊಮ್ಮೆ, ಶನಿವಾರದ ಬೆಳಗಿನ ಶಾಲೆಯಲ್ಲಿ, ನಾಲ್ಕೇ ಲೆಕ್ಕ ಕೊಟ್ಟು ಅದೇ ತಪ್ಪುಗಳ ಹಾಳೆಗೆ ಹೊಸ ಸಾಲು ಸೇರಿಸಿ.

ಎರಡು, ನಿಮ್ಮ ಟಿಪ್ಪಣಿ. ಪಾಠ ಟಿಪ್ಪಣಿಯ ಪುಸ್ತಕದ ಎಡಪುಟವನ್ನು ಇದಕ್ಕೆ ಬಿಡಿ. ದಿನಕ್ಕೆ ನಾಲ್ಕೈದು ಸಾಲು: ಏನು ಅಂದುಕೊಂಡಿದ್ದೆ, ಏನಾಯಿತು, ಯಾವ ಮಗು ಏನು ಹೇಳಿತು. ‘ಪಾಠ ಚೆನ್ನಾಗಿ ನಡೆಯಿತು’ ಎಂಬ ಸಾಲಿನಿಂದ ಪ್ರಯೋಜನವಿಲ್ಲ. ‘ಹಿಂದಿನ ಸಾಲಿನ ಮೂವರು ಕಡ್ಡಿ ಎಣಿಸಿದರು, ಬರೆಯಲಿಲ್ಲ, ಪೆನ್ಸಿಲ್ ಒಂದೇ ಇತ್ತು’ ಎಂಬ ಸಾಲು ಕೆಲಸಕ್ಕೆ ಬರುತ್ತದೆ.

ಮೂರು, ನಿಮ್ಮ ಧ್ವನಿ. ಮೊಬೈಲ್ ಫೋನನ್ನು ಮೇಜಿನ ಮೇಲಿಟ್ಟು ಒಂದು ಅವಧಿಯ ಪಾಠವನ್ನು ಧ್ವನಿಮುದ್ರಿಸಿ, ಮನೆಗೆ ಹೋಗುವ ಬಸ್ಸಿನಲ್ಲಿ ಕೇಳಿ. ಕೇಳುವುದು ಹಿಂಸೆಯೇ ಸರಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದಿರಿ ಎಂದು ಮಾತ್ರ ಗಮನಿಸಿ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದಂತೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಜೊತೆಗೆ ಕೂರುವ ಜಾಗಗಳ ನಕ್ಷೆ ಬರೆದು, ಯಾರನ್ನು ಕೇಳಿದಿರೋ ಅಲ್ಲೊಂದು ಗೆರೆ ಎಳೆಯಿರಿ. ಮುಂದಿನ ಬೆಂಚಿನ ನಾಲ್ವರ ಹೆಸರಿನ ಮುಂದೆ ಗೆರೆಗಳು ರಾಶಿ ಬಿದ್ದಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಮೂರೂ ಒಂದೇ ದಿಕ್ಕನ್ನು ತೋರಿಸಿದರೆ ನಂಬಬಹುದು. ಅಂಕ ಏರಿದೆ, ಆದರೆ ‘ಹೇಗೆ ಮಾಡಿದೆ’ ಎಂದಾಗ ಮಗು ‘ಗೊತ್ತಿಲ್ಲ ಮಿಸ್’ ಎನ್ನುತ್ತದೆ ಎಂದಾದರೆ ಅದು ಬಾಯಿಪಾಠ.

5. ಆದದ್ದನ್ನು ಆದಷ್ಟೇ ಹೇಳಿ

ಕೊನೆಯ ಪರೀಕ್ಷೆಗೆ ಮೊದಲಿನ ಪ್ರಶ್ನೆಗಳನ್ನೇ ಕೊಡಬೇಡಿ, ಅದೇ ಬಗೆಯ ಹೊಸ ಅಂಕಿಗಳನ್ನು ಕೊಡಿ. ರಜೆಗೆ ಮೊದಲು ಒಮ್ಮೆ, ದಸರಾ ರಜೆ ಮುಗಿಸಿ ಬಂದ ವಾರದಲ್ಲಿ ಏನೂ ನೆನಪಿಸದೆ ಇನ್ನೊಮ್ಮೆ. ಎರಡನೆಯದೇ ನಿಜವಾದ ಫಲಿತಾಂಶ.

ಶೇಕಡಾವಾರು ಲೆಕ್ಕ ಬಿಟ್ಟುಬಿಡಿ. ಹದಿನೆಂಟು ಮಕ್ಕಳ ತರಗತಿಯಲ್ಲಿ ಒಬ್ಬರು ಗೈರಾದರೆ ಶೇಕಡಾ ಐದಕ್ಕಿಂತ ಹೆಚ್ಚು ಕದಲುತ್ತದೆ. ‘36ರ ಬಗೆಯ ತಪ್ಪು ಏಳು ಮಕ್ಕಳಲ್ಲಿತ್ತು, ಈಗ ಇಬ್ಬರಲ್ಲಿದೆ, ಸೊನ್ನೆಯ ಲೆಕ್ಕದಲ್ಲಿ ಬದಲಾವಣೆಯಿಲ್ಲ’ ಎಂಬಂಥ ವಾಕ್ಯ ಬಣ್ಣದ ಸ್ತಂಭಾಲೇಖಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನೊಂದು ಬಲೆಯಿದೆ. ಮೊದಲ ಪರೀಕ್ಷೆಯಲ್ಲಿ ತೀರಾ ಕಡಿಮೆ ತೆಗೆದವರಲ್ಲಿ ಒಬ್ಬನಿಗೆ ಅಂದು ಜ್ವರವಿರಬಹುದು, ಇನ್ನೊಬ್ಬಳು ಕಳೆಯುವ ಗುರುತನ್ನು ಕೂಡುವುದೆಂದು ಓದಿರಬಹುದು. ನೀವು ಏನೂ ಮಾಡದಿದ್ದರೂ ಎರಡನೇ ಸಲ ಇಂಥವರ ಅಂಕ ಏರುತ್ತದೆ. ಆ ಏರಿಕೆಯನ್ನು ನಿಮ್ಮ ಕಡ್ಡಿ ಕಟ್ಟಿನ ಖಾತೆಗೆ ಬರೆದುಕೊಳ್ಳಬಾರದು. ಇದರಿಂದ ಪಾರಾಗಲು ಶುರುವಿನಲ್ಲೇ ಒಂದು ವಾರದ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ, ಎರಡರಲ್ಲೂ ಅದೇ ತಪ್ಪು ಮಾಡಿದವರನ್ನು ಮಾತ್ರ ಗುಂಪಿಗೆ ಸೇರಿಸಿ. ಇನ್ನೂ ಗಟ್ಟಿ ಉತ್ತರ ಬೇಕೆಂದರೆ ಅರ್ಧ ಮಕ್ಕಳಿಗೆ ಈಗ, ಉಳಿದರ್ಧಕ್ಕೆ ಎರಡು ವಾರ ಬಿಟ್ಟು ಹೊಸ ಕ್ರಮ ಆರಂಭಿಸಿ. ಮೊದಲ ಗುಂಪಿನ ತಪ್ಪು ಮೊದಲು, ಎರಡನೆಯದರ ತಪ್ಪು ನಂತರ ಇಳಿದರೆ ಬದಲಾವಣೆ ನಿಮ್ಮದೇ. ಯಾವ ಮಗುವಿಗೂ ಏನೂ ತಪ್ಪಿಹೋಗುವುದಿಲ್ಲ.

6. ತರಗತಿಯಿಂದ ಶಾಲೆಗೆ: ಹಾಜರಿ ಪುಸ್ತಕದ ಓದು

ಇದೇ ಕ್ರಮವನ್ನು ಇಡೀ ಶಾಲೆಯ ಪ್ರಶ್ನೆಗೂ ಹಿಗ್ಗಿಸಬಹುದು. ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆಯಿರುವ ಶಿಡ್ಲಘಟ್ಟದ ಸುತ್ತಿನ ಊರುಗಳನ್ನು ತೆಗೆದುಕೊಳ್ಳಿ. ‘ರೇಷ್ಮೆ ಮನೆ ಮಕ್ಕಳು ಶಾಲೆಗೆ ಸರಿಯಾಗಿ ಬರುವುದಿಲ್ಲ’ ಎಂಬ ದೂರು ಅಲ್ಲಿ ಸಹಜ. ಹಾಜರಿ ಪುಸ್ತಕದಲ್ಲಿ ಒಂದೊಂದು ಮಗುವಿನ ಗೈರು ದಿನಗಳನ್ನು ಗುರುತಿಸಿ, ಪಕ್ಕದಲ್ಲಿ ಆ ಮನೆಗೆ ಚಾಕಿ ಹುಳು (ಎಳೆಯ ರೇಷ್ಮೆ ಹುಳು) ತಂದ ದಿನಾಂಕ ಬರೆದು ನೋಡಿ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಮೇಲಿನ ವಾರವೇ ಮನೆಯವರಿಗೆಲ್ಲ ಬಿಡುವಿಲ್ಲದ ವಾರ. ಹುಳು ತನ್ನ ಬದುಕಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆಗಲೇ ತಿನ್ನುತ್ತದೆ. ಆಮೇಲೆ ಹಣ್ಣಾದ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ದಿನ, ಅದಾದ ಮೇಲೆ ಗೂಡು ಬಿಡಿಸುವ ದಿನ.

ಗೈರು ಈ ದಿನಗಳಲ್ಲೇ ಗುಂಪು ಗುಂಪಾಗಿ ಬೀಳುತ್ತಿದ್ದರೆ ಅದು ಮುಂಚೆಯೇ ಊಹಿಸಬಹುದಾದ ಗೈರು, ಮಗುವಿನ ಸೋಮಾರಿತನವಲ್ಲ. ಚಾಕಿ ಬಂದ ದಿನ ಗೊತ್ತಿದ್ದರೆ ಮುಂಚೆಯೇ ಸಿದ್ಧವಾಗಬಹುದು: ಎಸ್‌ಡಿಎಂಸಿ ಸಭೆಯಲ್ಲಿ ದಿನಾಂಕ ಹಿಡಿದು ಮಾತಾಡುವುದು, ಮಗು ಬೆಳಿಗ್ಗೆಯ ಮೊದಲೆರಡು ಅವಧಿಗಾದರೂ ಬರುವಂತೆ ಮನೆಯವರನ್ನು ಒಪ್ಪಿಸುವುದು, ಮರಳಿ ಬಂದ ದಿನ ಜೊತೆಗಾರನೊಬ್ಬ ತಪ್ಪಿದ ಪಾಠ ತೋರಿಸುವ ಏರ್ಪಾಡು. ಗೈರು ಈ ದಿನಗಳಿಗೆ ಹೊಂದದಿದ್ದರೆ, ನಾವೆಲ್ಲ ಇಷ್ಟು ದಿನ ರೇಷ್ಮೆಯನ್ನು ಸುಮ್ಮನೆ ದೂರುತ್ತಿದ್ದೆವು ಎಂದಾಯಿತು. ಕಾರಣವನ್ನು ಬೇರೆಡೆ ಹುಡುಕಬೇಕು.

7. ಮಕ್ಕಳ ಮಾನ

ಹಾಳೆಯಲ್ಲಿ ಹೆಸರಿನ ಬದಲು ಸಂಕೇತ ಬರೆಯಿರಿ. ತಪ್ಪು ಮಾಡಿದವರ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ಅವರ ಫೋಟೋವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಧ್ವನಿಮುದ್ರಿಸುವ ಮುನ್ನ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳಿಗೂ ಹೇಳಿ. ಕೇಳಿದ ಮೇಲೆ ಅಳಿಸಿ. ಜಾತಿವಾರು ಕೋಷ್ಟಕ ನಿಮ್ಮ ಪ್ರಶ್ನೆಗೆ ಬೇಕಿಲ್ಲದಿದ್ದರೆ ಬರೆಯಲೇಬೇಡಿ. ಕಳೆಯುವ ಲೆಕ್ಕಕ್ಕೆ ಅದು ಖಂಡಿತ ಬೇಕಿಲ್ಲ.

8. ಇನ್ನೊಬ್ಬರ ಕಣ್ಣು, ಎರಡು ಪುಟದ ವರದಿ

ನಿಮ್ಮ ಹಾಳೆಯನ್ನು ಪಕ್ಕದ ತರಗತಿಯ ಶಿಕ್ಷಕರಿಗೆ ಕೊಟ್ಟು, ‘ಇದರಲ್ಲಿ ನಿಮಗೇನು ಕಾಣುತ್ತದೆ ಸಾರ್?’ ಎಂದು ಕೇಳಿ, ನಿಮ್ಮ ತೀರ್ಮಾನವನ್ನು ಮೊದಲೇ ಹೇಳದೆ. ಏಕೋಪಾಧ್ಯಾಯ ಶಾಲೆಯವರು ಕ್ಲಸ್ಟರ್‌ನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸ್ನೇಹಿತರೊಬ್ಬರನ್ನು ಹಿಡಿಯಬೇಕು. ಮೇಲಧಿಕಾರಿಗಿಂತ ಸಮಾನರು ಲೇಸು, ಹೊಗಳುವವರಿಗಿಂತ ಕೆಣಕುವವರು ಲೇಸು.

ವರದಿಯಲ್ಲಿ ಪ್ರಶ್ನೆ, ತಪ್ಪುಗಳ ಹಾಳೆ, ನೀವು ಬದಲಿಸಿದ್ದು, ರಜೆಯ ಮುಂಚಿನ ಮತ್ತು ನಂತರದ ಎಣಿಕೆ, ಬದಲಾಗದೆ ಉಳಿದದ್ದು, ಇಷ್ಟಿರಲಿ. ಕ್ರಿಯಾ ಸಂಶೋಧನೆಯ ಇತಿಹಾಸ, ಮಹತ್ವ, ವ್ಯಾಖ್ಯೆಗಳನ್ನು ತುಂಬಿಸಬೇಡಿ. ಓದುವವರೂ ಅವನ್ನು ಬರೆದೇ ಬಂದವರು. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಹತ್ತು ನಿಮಿಷ ಕೊಡಿ ಎಂದು ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರನ್ನು ಮುಂಚೆಯೇ ಕೇಳಿ. ಅಲ್ಲಿ ಭಾಷಣದ ಬದಲು 36 ಮತ್ತು 34 ಇರುವ ಎರಡು ಉತ್ತರ ಪತ್ರಿಕೆಗಳ ಹೆಸರಿಲ್ಲದ ಜೆರಾಕ್ಸ್ ಪ್ರತಿ ಹಂಚಿ, ಇವೆರಡರಲ್ಲಿ ವ್ಯತ್ಯಾಸವೇನು ಎಂದು ಕೇಳಿ. ಚರ್ಚೆ ತಾನಾಗಿ ಏಳುತ್ತದೆ. ಮೂರ್ನಾಲ್ಕು ಶಾಲೆಗಳವರು ಅದೇ ನಾಲ್ಕು ಲೆಕ್ಕಗಳನ್ನು ತಮ್ಮಲ್ಲೂ ಕೊಟ್ಟು ನೋಡಲು ಒಪ್ಪಿದರೆ ಡಯಟ್‌ನವರ ಮುಂದೆ ಇಡಲು ಒಂದು ಗಟ್ಟಿ ವಿಷಯ ಸಿಕ್ಕಂತೆ.

ಎರಡನೇ ಸುತ್ತಿನ ಪ್ರಶ್ನೆ ಮೊದಲ ಸುತ್ತಿನ ‘ಬದಲಾಗದೆ ಉಳಿದದ್ದು’ ಎಂಬ ಸಾಲಿನಿಂದ ಬರಬೇಕು. ಸೊನ್ನೆಯ ಲೆಕ್ಕ ಉಳಿದಿದ್ದರೆ ನೂರರ ಕಟ್ಟನ್ನು ಬಿಚ್ಚುವುದರಿಂದ ಶುರು ಮಾಡಿ. ಎರಡನೇ ತರಗತಿಯನ್ನೂ ನೀವೇ ನೋಡಿಕೊಳ್ಳುತ್ತಿದ್ದರೆ, ‘ಯಾವಾಗಲೂ ದೊಡ್ಡದರಿಂದ ಚಿಕ್ಕದು’ ಎಂಬ ಮಾತನ್ನು ಈ ವರ್ಷ ಹೇಳದೆ ಕಲಿಸಿ, ಆ ಮಕ್ಕಳ ಹಾಳೆಗಳನ್ನು ಎತ್ತಿಡಿ. ಅವರು ಐದನೇ ತರಗತಿಗೆ ಬಂದಾಗ ಹೋಲಿಸಲು ಬೇಕಾಗುತ್ತವೆ. ನಡುವೆ ನಿಮಗೆ ವರ್ಗಾವಣೆಯಾದರೆ ಆ ಕಟ್ಟನ್ನು ಮುಂದೆ ಬರುವ ಶಿಕ್ಷಕರ ಕೈಗೇ ಕೊಟ್ಟು ಹೋಗಿ. ಬೀರುವಿನಲ್ಲಿಟ್ಟರೆ ಯಾರೂ ತೆರೆಯುವುದಿಲ್ಲ.